ರಿಕಾ-ಚಾನ್ ಗೊಂಬೆ, ಅವಳ ಗೇಮ್‌ಗಳು, ಬಳ್ಳಾರಿ ಡೆನಿಮ್

ಬಳ್ಳಾರಿಯಲ್ಲಿ ಜಪಾನಿನ ರಿಕಾ-ಚಾನ್ ಗೊಂಬೆ ಕೊಳ್ಳುವವರಿಗೆ ಮೊದಲೇ ಹೇಳಬೇಕಾದ ಮಾತೊಂದಿದೆ. ಜೀನ್ಸ್ ಘಟಕಗಳಲ್ಲಿ ಉಳಿಯುವ ನೀಲಿ ಡೆನಿಮ್ ತುಂಡು ಬಟ್ಟೆಯನ್ನು ಹಾಗೇ ತಂದು ತೊಡಿಸಬೇಡಿ. ಇಂಡಿಗೊ ಬಣ್ಣ ಗೊಂಬೆಯ ಮೆತ್ತನೆಯ ವಿನೈಲ್ ಕಾಲಿಗೆ ಇಳಿಯುತ್ತದೆ. ಮೇಲೆ ಕೂತ ಕೊಳೆಯಲ್ಲ ಅದು, ಒಳಕ್ಕೆ ಹೀರಿಕೊಂಡ ಬಣ್ಣ. ಸೋಪು ಹಚ್ಚಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನಮ್ಮ ಬೇಸಿಗೆಯಲ್ಲಂತೂ ಇನ್ನೂ ಬೇಗ ಹಿಡಿಯುತ್ತದೆ.

ಇದೊಂದು ಎಚ್ಚರ ಇದ್ದರೆ, ಮಕ್ಕಳಿಗೆ ಹೊಲಿಗೆ ಕಲಿಸುವ ಮನೆಗೆ ರಿಕಾ ಬಹಳ ಒಳ್ಳೆಯ ಗೊಂಬೆ. ಜಪಾನಿನ ಟಕಾರಾ ಕಂಪನಿ ಇದನ್ನು 1967ರಲ್ಲಿ ಹೊರತಂದಿತು. 2006ರಿಂದ ಟಕಾರಾ ಟೋಮಿ ಹೆಸರಲ್ಲಿ ಬರುತ್ತಿದೆ. ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ 'ಲಿಕ್ಕಾ' (Licca) ಎಂದಿರುತ್ತದೆ, ಹುಡುಕುವಾಗ ಹಾಗೇ ಟೈಪ್ ಮಾಡಿ. ಕಥೆಯ ಪ್ರಕಾರ ಇವಳು ಐದನೇ ಕ್ಲಾಸಿನ ಹುಡುಗಿ, ತಾಯಿ ಫ್ಯಾಷನ್ ಡಿಸೈನರ್. ಎತ್ತರ ಸುಮಾರು 22 ಸೆಂ.ಮೀ., ಬಾರ್ಬಿ 29. ಹಾಗಾಗಿ ಇಲ್ಲಿ ಸುಲಭವಾಗಿ ಸಿಗುವ ಬಾರ್ಬಿ ಬಟ್ಟೆ ಇವಳಿಗೆ ದೊಗಳೆ. ಹೊಲಿದುಕೊಳ್ಳಲೇಬೇಕು.

ಪ್ಯಾಂಟಿನ ದಪ್ಪ ಡೆನಿಮ್ ಬೇಡ, ಮಡಿಕೆ ಕೂರುವುದಿಲ್ಲ. ಶರ್ಟಿಗೆ ಬಳಸುವ ತೆಳು ಡೆನಿಮ್ ಕೇಳಿ. ಬಿಸಿನೀರಿನಲ್ಲಿ ಮತ್ತೆ ಮತ್ತೆ ಒಗೆಯಿರಿ. ಆಮೇಲೆ ಒದ್ದೆ ಬಿಳಿ ಬಟ್ಟೆಯನ್ನು ಅದರ ಮೇಲೆ ಒತ್ತಿ ಉಜ್ಜಿ ನೋಡಿ; ನೀಲಿ ಹತ್ತಿದರೆ ಇನ್ನೊಮ್ಮೆ ಒಗೆಯಿರಿ. ಹತ್ತದಿದ್ದರೂ ಬಿಳಿ ಮಲ್ ಬಟ್ಟೆಯ ಅಸ್ತರು ಕೊಡುವುದು ಕ್ಷೇಮ. ಹೊಲಿಗೆಗೆ ಅಂಚು 5 ಮಿ.ಮೀ. ಬಿಡಿ, ಬೆನ್ನ ಹಿಂದೆ ಸೊಂಟದ ಕೆಳಗಿನವರೆಗೂ ಸೀಳು ಇರಲಿ. ತಲೆ ದೊಡ್ಡದು, ಮೇಲಿನಿಂದ ಬಟ್ಟೆ ಇಳಿಯುವುದಿಲ್ಲ. ಅತಿ ಸಣ್ಣ ಟಿಚ್ ಬಟನ್ ಸಾಕು. ಆಟ ಮುಗಿದ ಮೇಲೆ ಡೆನಿಮ್ ಬಿಚ್ಚಿಡಿ.

ಕಲೆ ಆಗಿಯೇ ಹೋಗಿದ್ದರೆ ಮೊಡವೆಗೆ ಹಚ್ಚುವ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ ತನ್ನಿ, ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಕಲೆಯ ಮೇಲಷ್ಟೇ ಹಚ್ಚಿ, ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಬೆಳಕಿರುವ ಕಿಟಕಿಯ ಬಳಿ ಇಡಿ. ದಿನಕ್ಕೊಮ್ಮೆ ತೊಳೆದು ಮತ್ತೆ ಹಚ್ಚಬೇಕು, ಹಲವು ದಿನ ಹಿಡಿಯುತ್ತದೆ. ಹೆಚ್ಚಾದರೆ ಆ ಜಾಗ ಸುತ್ತಲಿಗಿಂತ ಬಿಳಚಿಕೊಳ್ಳುತ್ತದೆ. ಮುಖಕ್ಕೆ ಹಚ್ಚಲೇಬೇಡಿ, ಕಣ್ಣಿನ ಬಣ್ಣ ಹೋಗುತ್ತದೆ. ಮಾಳಿಗೆಯ ಬಿಸಿಲಿಗೂ ಇಡಬೇಡಿ.

ಇನ್ನು ಗೇಮ್‌ಗಳು. 1990ರ ದಶಕದಲ್ಲಿ ಫೇಟಲ್ ಫ್ಯೂರಿ, ಸಮುರಾಯ್ ಶೋಡೌನ್‌ನಂಥ ಹೊಡೆದಾಟದ ಗೇಮ್‌ಗಳನ್ನು ಮನೆಯ ಟಿವಿಗೆ ತಂದದ್ದೂ ಇದೇ ಟಕಾರಾ. 1998ರಲ್ಲಿ 'ಸೂಪರ್ ಡಾಲ್ ರಿಕಾ-ಚಾನ್' ಎಂಬ ಆನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿ, ಬಂತು. ಅದೇ ಹೆಸರಲ್ಲಿ ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಕಲರ್ ಯಂತ್ರಕ್ಕೆ ಆಟವೂ ಬಂತು. ಆಮೇಲೆ ಅಂಥದ್ದೇ ಇನ್ನೊಂದು ಯಂತ್ರವಾದ ನಿಂಟೆಂಡೊ ಡಿಎಸ್‌ಗೂ ರಿಕಾ ಬಂದಳು. ಗೇಮ್ ಬಾಯ್ ಕಲರ್, ಡಿಎಸ್ ಕಾರ್ಟ್ರಿಡ್ಜ್‌ಗಳಿಗೆ (ಗೇಮ್ ತುಂಬಿದ, ಯಂತ್ರಕ್ಕೆ ಸಿಕ್ಕಿಸುವ ಬಿಲ್ಲೆಗಳಿಗೆ) ದೇಶದ ಕಟ್ಟುಪಾಡಿಲ್ಲ, ಯಾವ ದೇಶದ ಯಂತ್ರದಲ್ಲಾದರೂ ನಡೆಯುತ್ತವೆ. ಆದರೆ ಬರಹವೆಲ್ಲ ಜಪಾನಿ. ಬಟ್ಟೆ ಬದಲಿಸುವಷ್ಟನ್ನು ಚಿತ್ರ ನೋಡಿಕೊಂಡು ಆಡಬಹುದು, ಮಾತುಕತೆ ಬಂದಲ್ಲಿ ಮಕ್ಕಳು ಕೈಬಿಡುತ್ತಾರೆ. ಇರುವ ದುಡ್ಡಿಗೆ ಗೊಂಬೆಯನ್ನೇ ಕೊಳ್ಳಿ.

ಗೇಮೂ ಬೇಕೇ ಬೇಕು ಎನ್ನುವವರು ಹಳೆಯ ಜಪಾನಿ ಡಿಎಸ್ ಜೊತೆ ಬರುವ ಚಾರ್ಜರನ್ನು ಪ್ಲಗ್‌ಗೆ ಹಾಕುವ ಮುನ್ನ ಅದರ ಬೆನ್ನು ಓದಿ. 100 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟ್‌ಗೆ ಸುಟ್ಟುಹೋಗುತ್ತದೆ. ಆ ಮಾದರಿಗೆ ಹೊಂದುವ ಯುಎಸ್‌ಬಿ ಕೇಬಲ್ ಕೊಂಡು ಮೊಬೈಲ್ ಚಾರ್ಜರಿಗೆ ಸಿಕ್ಕಿಸಿ. ಕಾರ್ಟ್ರಿಡ್ಜ್ ಓಡದಿದ್ದರೆ ಬಾಯಿಂದ ಊದಬೇಡಿ, ಉಗುಳಿನ ತೇವಕ್ಕೆ ಪಿನ್‌ಗಳು ಕಿಲುಬು ಹಿಡಿಯುತ್ತವೆ. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ಪಿನ್ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ.