ಯೂರೋಸ್ಟೈಲ್ ಬೋಲ್ಡ್ ಎಕ್ಸ್‌ಟೆಂಡೆಡ್: ಏಳಕ್ಷರ ದಾಟಿದರೆ ಕೈಕೊಡುವ ಫಾಂಟ್

ಯೂರೋಸ್ಟೈಲ್ ಬೋಲ್ಡ್ ಎಕ್ಸ್‌ಟೆಂಡೆಡ್ ಎಂದರೆ ದಪ್ಪನೆಯ, ಅಗಲದ ಇಂಗ್ಲಿಷ್ ಫಾಂಟ್. ಅದನ್ನು ಕೊಳ್ಳುವ ಮುಂಚೆ ಇಂಗ್ಲಿಷಿನ ‘ಓ’ ಒಂದನ್ನೇ 300 ಪಾಯಿಂಟಿನಲ್ಲಿ ಟೈಪ್ ಮಾಡಿ ನೋಡಿ. ಅದು ದುಂಡಗೂ ಇರಬಾರದು, ಚೌಕವೂ ಆಗಬಾರದು; ಪಿಕ್ಚರ್ ಟ್ಯೂಬ್ ಕಾಲದ ಟಿವಿ ಪರದೆಯ ಹಾಗೆ ನಾಲ್ಕೂ ಬದಿ ತುಸು ಉಬ್ಬಿರಬೇಕು. ಇದರ ಜೀವ ಇರುವುದೇ ಆ ಉಬ್ಬಿನಲ್ಲಿ. ಇಟಲಿಯ ತೂರಿನ್‌ನಲ್ಲಿದ್ದ ನೆಬಿಯೋಲೊ ಅಚ್ಚುಮೊಳೆ ಕಾರ್ಖಾನೆಯಿಂದ 1952ರಲ್ಲಿ ಬಂದ ಮೈಕ್ರೋಗ್ರಾಮಾ ಎಂಬ ಫಾಂಟಿನಲ್ಲಿ ದೊಡ್ಡಕ್ಷರಗಳಷ್ಟೇ ಇದ್ದವು. ಅದನ್ನು ಅಲೆಸ್ಸಾಂಡ್ರೊ ಬುಟ್ಟಿಯವರ ಜೊತೆ ರೂಪಿಸಿದ್ದ ಆಲ್ಡೊ ನೊವಾರೆಸೆ, 1962ರಲ್ಲಿ ಸಣ್ಣಕ್ಷರಗಳನ್ನೂ ಕೂಡಿಸಿ ಯೂರೋಸ್ಟೈಲ್ ಮಾಡಿದರು. ಸೀಸದ ಮೊಳೆಯಲ್ಲಿದ್ದ ಉಬ್ಬು ಹಳೆಯ ಡಿಜಿಟಲ್ ಆವೃತ್ತಿಗೆ ಬರುವಷ್ಟರಲ್ಲಿ ಸವೆದುಹೋಗಿತ್ತು. 2008ರ ಯೂರೋಸ್ಟೈಲ್ ನೆಕ್ಸ್ಟ್‌ನಲ್ಲಿ ಅಕಿರಾ ಕೊಬಾಯಾಶಿ ಅದನ್ನು ಮತ್ತೆ ತಂದಿದ್ದಾರೆ. ಅಂಗಡಿ ಬೋರ್ಡಿನಷ್ಟು ದೊಡ್ಡದಾಗಿ ಬಳಸುವವರಿಗೆ ಈ ವ್ಯತ್ಯಾಸ ಎದ್ದು ಕಾಣುತ್ತದೆ, ವಿಸಿಟಿಂಗ್ ಕಾರ್ಡಿನವರಿಗೆ ಕಾಣುವುದೇ ಇಲ್ಲ.

ಬಳಸುತ್ತ ಹೋದಂತೆ ಸಿಗುವ ಸುಖ ಸಾಲು ಜೋಡಿಸುವಾಗಿನದು. ಅಕ್ಷರಗಳ ತಲೆ, ತಳ ಎರಡೂ ಹೆಚ್ಚುಕಡಿಮೆ ಸಪಾಟು. ಬರೀ ದೊಡ್ಡಕ್ಷರದಲ್ಲಿ 40 ಪಾಯಿಂಟಿಗೆ 36 ಪಾಯಿಂಟ್ ಲೀಡಿಂಗ್ (ಸಾಲಿನಿಂದ ಸಾಲಿಗಿರುವ ಅಂತರ) ಕೊಟ್ಟರೂ ಎರಡು ಸಾಲು ಒಂದಕ್ಕೊಂದು ತಗಲದೆ ಗೋಡೆ ಕಟ್ಟಿದಂತೆ ಕೂರುತ್ತವೆ. ಟ್ರ್ಯಾಕಿಂಗ್ (ಇಡೀ ಪದದ ಅಕ್ಷರಗಳ ನಡುವಿನ ಅಂತರ) ಸೊನ್ನೆಯಲ್ಲೇ ಇಟ್ಟು, ‘ಎಲ್-ಟಿ’, ‘ಟಿ-ಎ’, ‘ಎ-ವಿ’ ಜೋಡಿಗಳನ್ನು ಮಾತ್ರ ಕೈಯಿಂದ ಹತ್ತಿರ ತಂದರೆ ಸಾಕು. ಪದವನ್ನು 180 ಡಿಗ್ರಿ ತಿರುಗಿಸಿ ಒಮ್ಮೆ ಕಣ್ಣಾಡಿಸಿ: ಓದಲು ಬಾರದಾಗ ಸಂದುಗಳಷ್ಟೇ ಕಾಣುತ್ತವೆ, ಎಲ್ಲಿ ಸಡಿಲ ಎಲ್ಲಿ ಬಿಗಿ ಎಂಬುದು ತಕ್ಷಣ ತಿಳಿಯುತ್ತದೆ. ಅಕ್ರಿಲಿಕ್ ಕತ್ತರಿಸುವ ಸಿಎನ್‌ಸಿ ರೂಟರಿಗೂ ಇದು ಹೇಳಿಮಾಡಿಸಿದ್ದು. ಆ ಯಂತ್ರದ 3 ಎಂಎಂ ಬಿಟ್ (ತಿರುಗುತ್ತ ಕೊರೆಯುವ ಮೊನೆ) ಒಳಮೂಲೆಯನ್ನು 1.5 ಎಂಎಂ ತ್ರಿಜ್ಯಕ್ಕಿಂತ ಚೂಪಾಗಿ ಕೊರೆಯಲಾರದು. ಈ ಫಾಂಟಿನ ‘ಓ’ದ ಒಳಮೂಲೆಗಳು ಮೊದಲೇ ದುಂಡಗಿರುವುದರಿಂದ ಫೈಲಿನಲ್ಲಿ ಇದ್ದಂತೆಯೇ ಹೊರಬರುತ್ತವೆ.

ಇಲ್ಲಿಗೆ ಹೊಗಳಿಕೆ ಮುಗಿಯಿತು. ‘ಓ’, ‘ಡಿ’, ‘ಕ್ಯೂ’, ಸೊನ್ನೆ ನಾಲ್ಕೂ ಒಂದೇ ಡಬ್ಬಿ. ‘ಬಿ’ಗೂ 8ಕ್ಕೂ ಎಡಮೂಲೆಗಳಷ್ಟೇ ವ್ಯತ್ಯಾಸ. ಹಿಂದಿನಿಂದ ಎಲ್‌ಇಡಿ ಹೊಳೆದಾಗ ಬೆಳಕು ಅಂಚಿನಾಚೆ ಚೆಲ್ಲಿ ಆ ಮೂಲೆಗಳನ್ನೇ ನುಂಗುತ್ತದೆ. ರಸ್ತೆಯಾಚೆಯಿಂದ ‘ಡಿ’ ಹೋಗಿ ‘ಓ’ ಆಗುತ್ತದೆ. ಯಂತ್ರದ ಮಾಡೆಲ್ ನಂಬರು, ಬಿಡಿಭಾಗದ ಕೋಡು, ಕೂಪನ್ ಸಂಖ್ಯೆಗೆ ಇದನ್ನು ಹಾಕುವುದು ತಪ್ಪು ಕರೆಗಳನ್ನು ತಾವಾಗಿಯೇ ಬರಮಾಡಿಕೊಂಡ ಹಾಗೆ. ಅಂಥ ಕಡೆ ಸೊನ್ನೆಗೆ ಅಡ್ಡಗೀಟಿರುವ ಬೇರೆ ಫಾಂಟ್ ಹುಡುಕಿ. ಪ್ಯಾರಾ ಬರೆಯುವ ಆಸೆಯಂತೂ ಬೇಡವೇ ಬೇಡ.

ಇನ್ನು ಅಗಲದ ರಗಳೆ. ಬಹುತೇಕ ಅಕ್ಷರಗಳು ಎತ್ತರಕ್ಕಿಂತ ಅಗಲ ಹೆಚ್ಚು. ಇಂಗ್ಲಿಷಿನಲ್ಲಿ ಹನ್ನೊಂದಕ್ಷರವಿರುವ ‘ಎಲೆಕ್ಟ್ರಾನಿಕ್ಸ್’ ಪದವನ್ನು 10 ಅಡಿ ಬೋರ್ಡಿನಲ್ಲಿ ಕೂರಿಸಿದರೆ ಎತ್ತರ ಒಂದು ಅಡಿ ಮುಟ್ಟುವುದಿಲ್ಲ. ನಾಲ್ಕರಿಂದ ಏಳಕ್ಷರದ ಹೆಸರಿಗೆ ಮಾತ್ರ ಇದು ಒಗ್ಗುತ್ತದೆ. ಜಾಗ ಸಾಲದೆಂದು ಎಕ್ಸ್‌ಟೆಂಡೆಡ್ ಅನ್ನು ಪಕ್ಕದಿಂದ ಅಮುಕುವವರೂ ಉಂಟು, ದುಡ್ಡು ಉಳಿಸಲು ರೆಗ್ಯುಲರ್ ಅನ್ನು 130 ಶೇಕಡಾಕ್ಕೆ ಎಳೆಯುವವರೂ ಉಂಟು. ಎಳೆದರೆ ನಿಂತ ಗೆರೆ ದಪ್ಪವಾಗುತ್ತದೆ, ಮಲಗಿದ ಗೆರೆ ಇದ್ದಷ್ಟೇ ಉಳಿಯುತ್ತದೆ, ಮೂಲೆಯ ತಿರುವು ಜಗ್ಗಿ ಮೊಟ್ಟೆಯಾಕಾರಕ್ಕೆ ಬರುತ್ತದೆ. ಅಸಲಿ ಎಕ್ಸ್‌ಟೆಂಡೆಡ್‌ನಲ್ಲೂ ಮಲಗಿದ ಗೆರೆ ತೆಳುವೇ. ಆದರೆ ಎಷ್ಟು ತೆಳು ಎಂಬುದನ್ನು ಕಣ್ಣಳತೆಯಲ್ಲಿ ತೂಗಿ ಇಟ್ಟಿದ್ದಾರೆ.

ಕನ್ನಡ ಅಕ್ಷರಗಳು ಇದರಲ್ಲಿಲ್ಲ. ಕರ್ನಾಟಕದಲ್ಲಿ 2024ರ ಕಾನೂನು ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವೇ ಇರಬೇಕು, ಅದೂ ಮೇಲ್ಭಾಗದಲ್ಲಿ. ಕೆಳಗಿನ ಪಾಲಿನಲ್ಲಿ ಈ ಅಗಲದ ಇಂಗ್ಲಿಷ್ ಕೂತು ಮೇಲಿನ ಕನ್ನಡ ಸಣಕಲಾದರೆ ಬೋರ್ಡು ತಲೆಕೆಳಗಾದಂತೆ ಕಾಣುತ್ತದೆ. ಜೊತೆಗೆ ಹೊಂದುವುದು ಏಕ್ ಟೈಪ್ ಎಂಬ ಫಾಂಟ್ ಸಂಸ್ಥೆಯವರ ಅನೇಕ್ ಕನ್ನಡ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ಅಗಲವನ್ನು 75ರಿಂದ 125ರವರೆಗೆ, ದಪ್ಪವನ್ನು 100ರಿಂದ 800ರವರೆಗೆ ಬೇಕಾದಂತೆ ಹೊಂದಿಸಬಹುದು. ಅಗಲ 125, ದಪ್ಪ 800ಕ್ಕೆ ಒಯ್ದು, ನಿಂತ ಗೆರೆಗಳ ದಪ್ಪ ಎರಡೂ ಲಿಪಿಯಲ್ಲಿ ಸಮವಾಗುವವರೆಗೆ ಸೈಜು ಹೊಂದಿಸಿ. ಒತ್ತಕ್ಷರವಿದ್ದರೆ ಕೆಳಗೆ ಅರ್ಧ ಅಕ್ಷರದಷ್ಟು ಜಾಗ ಬಿಡಿ. ಮೇಲೆ ಹೇಳಿದ 36 ಪಾಯಿಂಟ್ ಲೀಡಿಂಗ್ ಇಲ್ಲಿ ನಡೆಯುವುದಿಲ್ಲ. ಕನ್ನಡವನ್ನೇ ಚೌಕ ಮಾಡಲು ಹೋಗಬೇಡಿ, ತಲೆಕಟ್ಟಿನ ಬಾಗು ಸತ್ತರೆ ಅಕ್ಷರವೇ ಸತ್ತಂತೆ.

ಪ್ರೆಸ್ಸಿಗೆ ಕಳಿಸುವಾಗ ಕೋರೆಲ್‌ಡ್ರಾ ಸಾಫ್ಟ್‌ವೇರಿನಲ್ಲಿ ಕಂಟ್ರೋಲ್-ಕ್ಯೂ ಒತ್ತಿ ಅಕ್ಷರಗಳನ್ನು ಕರ್ವ್ಸ್ (ಬರೀ ಗೆರೆಗಳ ಚಿತ್ರ) ಮಾಡಿ. ಇಲ್ಲದಿದ್ದರೆ, ಈ ಫಾಂಟಿಲ್ಲದ ಅವರ ಕಂಪ್ಯೂಟರಿನಲ್ಲಿ ಏರಿಯಲ್‌ನಂಥ ಬೇರೆ ಫಾಂಟಾಗಿ ತೆರೆದುಕೊಳ್ಳಬಹುದು. ತಿದ್ದಲು ಬರುವ ಫೈಲನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ.

ಬಿಡಿಗಾಸಿಲ್ಲದವರಿಗೆ ವರ್ನನ್ ಆಡಮ್ಸ್ ಮಾಡಿದ ಮಿಕ್ರೋಮಾ ಉಚಿತವಾಗಿದೆ. ಆಕಾರ ಇದೇ ಜಾತಿಯದು, ಆದರೆ ಒಂದೇ ದಪ್ಪ. ಔಟ್‌ಲೈನ್ ಸೇರಿಸಿ ಬೋಲ್ಡ್ ಮಾಡಿದರೆ ‘ಎ’, ‘ಆರ್’ಗಳ ಹೊಟ್ಟೆ ಮುಚ್ಚಿಹೋಗುತ್ತದೆ. ಆಗಾಗ ಲೋಗೋ ಕೆಲಸ ಹಿಡಿಯುವವರು ಯೂರೋಸ್ಟೈಲ್‌ನ ಬೋಲ್ಡ್ ಎಕ್ಸ್‌ಟೆಂಡೆಡ್ ಸ್ಟೈಲ್ ಒಂದನ್ನೇ, ಡೆಸ್ಕ್‌ಟಾಪ್ ಲೈಸೆನ್ಸಿನಲ್ಲಿ ಕೊಳ್ಳಿ. ವೆಬ್‌ಸೈಟಿಗೂ ಆ್ಯಪಿಗೂ ಲೈಸೆನ್ಸ್ ಬೇರೆ ಬೇರೆ. ಇಡೀ ಫ್ಯಾಮಿಲಿ ಕೊಂಡರೆ ಉಳಿದವು ಫೋಲ್ಡರಿನಲ್ಲೇ ಮಲಗಿರುತ್ತವೆ.