ಬಾಂಡ್ ಮೇಲೆ ಎರಡು ಪದರದ ವಿಲ್ಯಾನ್: ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಎಷ್ಟು ಕೈ ಹಿಡಿಯುತ್ತದೆ?

ಸರ್ವರ್‌ನ ಎರಡು ನೆಟ್‌ವರ್ಕ್ ಪೋರ್ಟ್‌ಗಳನ್ನು ಎಲ್‌ಎಸಿಪಿ ಬಾಂಡ್ ಮಾಡಿ (ಸ್ವಿಚ್ ಜೊತೆ ಮಾತಾಡಿಕೊಂಡು ಎರಡನ್ನೂ ಒಂದೇ ಲಿಂಕ್‌ನಂತೆ ಬಳಸುವುದು), ಅದರ ಮೇಲೆ ಹೊರಗಿನ ವಿಲ್ಯಾನ್ 100 (ಪ್ಯಾಕೆಟ್‌ಗೆ ಸಂಖ್ಯೆಯ ಟ್ಯಾಗ್ ಅಂಟಿಸಿ ಬೇರ್ಪಡಿಸಿದ ಜಾಲ), ಅದರೊಳಗೆ ವಿಲ್ಯಾನ್ 20 ಕೂರಿಸಬೇಕು ಎಂದುಕೊಳ್ಳಿ. ಲಿನಕ್ಸ್ ಕರ್ನಲ್‌ಗೆ ಇದು ಹೊಸದಲ್ಲ, ಎರಡು ಪದರದ ಟ್ಯಾಗ್‌ನ ಮಾನದಂಡವಾದ 802.1ಎಡಿಗೆ ಬೆಂಬಲ 3.10ರಿಂದಲೇ ಇದೆ. ಕಷ್ಟ ಇರುವುದು ಪ್ರತಿ ರೀಬೂಟ್ ಆದಮೇಲೂ ಮೂರೂ ಪದರ ಅದೇ ಕ್ರಮದಲ್ಲಿ ಎದ್ದು ನಿಲ್ಲುವಂತೆ ಮಾಡುವುದರಲ್ಲಿ. ಆ ಕೆಲಸಕ್ಕೆ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ, ಅಂದರೆ ಫೈಲ್‌ಗಳನ್ನು ಓದಿ ನೆಟ್‌ವರ್ಕ್ ಕಟ್ಟುವ ಲಿನಕ್ಸ್ ಸೇವೆ, ನಿಜಕ್ಕೂ ಚೆನ್ನಾಗಿದೆ. ಆದರೆ ಅದರ ಡೀಫಾಲ್ಟ್‌ಗಳನ್ನೇ ನಂಬಿದರೆ ಕೈಕೊಡುತ್ತದೆ, ಅದೂ ಒಂದೇ ಒಂದು ಎರರ್ ತೋರಿಸದೆ.

ಕ್ರಮದ ವಿಷಯದಲ್ಲಿ ಪೂರ್ತಿ ಅಂಕ ಕೊಡಬಹುದು. ಕೈಯಿಂದ ಐಪಿ ಕಮಾಂಡ್ ಕೊಡುವಾಗ ಪೋರ್ಟ್ ಡೌನ್ ಮಾಡದೆ ಬಾಂಡ್‌ಗೆ ಸೇರಿಸಲು ಹೋದರೆ ಕರ್ನಲ್ ಒಪ್ಪುವುದಿಲ್ಲ. ನೆಟ್‌ವರ್ಕ್‌ಡಿ ಅದನ್ನು ತಾನೇ ನೋಡಿಕೊಳ್ಳುತ್ತದೆ. ಫೈಲ್‌ಗಳ ಸಂಖ್ಯೆ ಮಾತ್ರ ಜಾಸ್ತಿ: ಬಾಂಡ್, ಹೊರ ವಿಲ್ಯಾನ್, ಒಳ ವಿಲ್ಯಾನ್‌ಗೆ ಒಂದೊಂದು ನೆಟ್‌ಡೆವ್ ಫೈಲ್ (ಇಂಟರ್‌ಫೇಸ್ ಹುಟ್ಟಿಸುವುದು), ಆ ಮೂರಕ್ಕೂ ಒಂದೊಂದು ಮತ್ತು ಎರಡೂ ಪೋರ್ಟ್‌ಗಳಿಗೆ ಸೇರಿ ಒಂದು ನೆಟ್‌ವರ್ಕ್ ಫೈಲ್ (ಅದನ್ನು ಹೇಗೆ ಹೊಂದಿಸಬೇಕೆಂದು ಹೇಳುವುದು), ಒಟ್ಟು ಏಳು. ಹೊರ ವಿಲ್ಯಾನ್‌ನ ಹೆಸರು ಬಾಂಡ್‌ನ ನೆಟ್‌ವರ್ಕ್ ಫೈಲ್‌ನಲ್ಲಿ ಬರಬೇಕು, ಒಳ ವಿಲ್ಯಾನ್‌ನದು ಹೊರ ವಿಲ್ಯಾನ್‌ನ ಫೈಲ್‌ನಲ್ಲಿ. ಎರಡನ್ನೂ ಬಾಂಡ್‌ನ ಫೈಲ್‌ನಲ್ಲೇ ಬರೆದರೆ ಒಳಗಿನದು ಒಳಗೆ ಹೋಗುವುದೇ ಇಲ್ಲ, ಪಕ್ಕದಲ್ಲಿ ಒಂಟಿ ಟ್ಯಾಗ್‌ನ ವಿಲ್ಯಾನ್ ಆಗಿ ನಿಲ್ಲುತ್ತದೆ.

ಅತಿ ಹೆಚ್ಚು ಜನ ಎಡವುವುದು ಪ್ರೋಟೊಕಾಲ್ ಸಾಲಿನಲ್ಲಿ. ಹೊರ ವಿಲ್ಯಾನ್‌ನ ನೆಟ್‌ಡೆವ್‌ನಲ್ಲಿ ಪ್ರೋಟೊಕಾಲ್ 802.1ಎಡಿ ಎಂದು ಬರೆಯದಿದ್ದರೆ ಅದು ಸಾಮಾನ್ಯ ವಿಲ್ಯಾನ್ ಟ್ಯಾಗ್‌ನ 802.1ಕ್ಯೂ ಎಂದೇ ಆಗುತ್ತದೆ. ಹೊರ ಟ್ಯಾಗ್‌ನ ಬಗೆ ಹೇಳುವ ಸಂಖ್ಯೆ 88ಎ8 ಇರಬೇಕಾದಲ್ಲಿ 8100 ಹೋಗುತ್ತದೆ. ಸರ್ವರ್‌ನಲ್ಲಿ ಎಲ್ಲ ಇಂಟರ್‌ಫೇಸ್ ಅಪ್ ಎಂದೇ ಕಾಣುತ್ತದೆ, 88ಎ8 ಕಾಯುತ್ತಿರುವ ಸ್ವಿಚ್‌ನಿಂದ ಮಾತ್ರ ಉತ್ತರವಿಲ್ಲ. ಈ ಸೆಟ್ಟಿಂಗ್ ಬಂದದ್ದು ಸಿಸ್ಟಮ್‌ಡಿಯ 248ನೇ ಆವೃತ್ತಿಯಲ್ಲಿ, ಅದಕ್ಕಿಂತ ಹಳೆಯದಿದ್ದರೆ ಈ ದಾರಿ ಬಿಡಿ. ಎದುರಿನ ಸ್ವಿಚ್ 9100 ಬಳಸುತ್ತಿದ್ದರೆ ಯಾವ ಆವೃತ್ತಿಯೂ ಕೆಲಸಕ್ಕೆ ಬಾರದು. ಕರ್ನಲ್‌ನ ವಿಲ್ಯಾನ್ ಡ್ರೈವರ್‌ಗೆ 8100, 88ಎ8 ಎರಡೇ ಗೊತ್ತು, ಬದಲಾಯಿಸಬೇಕಾದದ್ದು ಸ್ವಿಚ್‌ನಲ್ಲಿ.

ಇನ್ನು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ. ಒಂದು ಟ್ಯಾಗ್‌ಗೆ 4 ಬೈಟ್, ಎರಡಕ್ಕೆ 8. ಹೆಚ್ಚಿನ ಕಾರ್ಡ್‌ಗಳು 1500ರ ಮೇಲೆ ಒಂದು ಟ್ಯಾಗ್‌ಗೆ ಜಾಗ ಬಿಟ್ಟಿರುತ್ತವೆ, ಎರಡನೆಯದಕ್ಕೆ ಬಿಟ್ಟಿರುತ್ತವೆ ಎಂಬ ಭರವಸೆ ಇಲ್ಲ. ಬಾಂಡ್‌ಗೆ 1504, ಹೊರ ವಿಲ್ಯಾನ್‌ಗೆ 1504, ಒಳಗಿನದಕ್ಕೆ 1500 ಕೊಡಿ. ಬಾಂಡ್‌ಗೆ ಕೊಟ್ಟದ್ದನ್ನು ಅದರ ಪೋರ್ಟ್‌ಗಳು ಪಡೆದುಕೊಳ್ಳುತ್ತವೆ. ಒಳಗಿನ 1500 ಬರೆಯಲು ಮರೆಯಬೇಡಿ, ಬರೆಯದಿದ್ದರೆ ಅದೂ 1504 ಎತ್ತಿಕೊಂಡು ಎದುರಿನವರು ಒಪ್ಪದ ಗಾತ್ರದ ಪ್ಯಾಕೆಟ್ ಕಳಿಸುತ್ತದೆ. ಸ್ವಿಚ್ ಕಡೆಯೂ ಏರಿಸಬೇಕು. ಪಿಂಗ್ ಹೋಗುತ್ತದೆ, ಎಸ್‌ಎಸ್‌ಎಚ್ ಲಾಗಿನ್ ಆಗುತ್ತದೆ, ಫೈಲ್ ಕಾಪಿ ಮಾತ್ರ ನಿಂತಲ್ಲೇ ನಿಲ್ಲುತ್ತದೆ ಎಂದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಪ್ಯಾಕೆಟ್ ಒಡೆಯಬೇಡ ಎಂಬ ಆಯ್ಕೆಯೊಂದಿಗೆ 1472 ಬೈಟ್‌ನ ಪಿಂಗ್ ಕೊಟ್ಟರೆ ಗೊತ್ತಾಗಿಬಿಡುತ್ತದೆ: 1472ಕ್ಕೆ ಐಸಿಎಂಪಿ 8, ಐಪಿ 20 ಸೇರಿದರೆ ಸರಿಯಾಗಿ 1500.

ಯಾವ ಪ್ಯಾಕೆಟ್ ಯಾವ ಪೋರ್ಟ್‌ನಿಂದ ಹೋಗಬೇಕೆಂದು ಆರಿಸುವ ಹ್ಯಾಶ್ ಪಾಲಿಸಿ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಎರಡು ಲಿಂಕ್‌ಗೆ ದುಡ್ಡು ಕೊಟ್ಟು ಒಂದರಲ್ಲೇ ಓಡಿಸುವುದು ಇಲ್ಲಿಯೇ. ಡೀಫಾಲ್ಟ್ ಲೇಯರ್2, ಅಂದರೆ ಮ್ಯಾಕ್ (ಕಾರ್ಡ್‌ನ ಹಾರ್ಡ್‌ವೇರ್ ವಿಳಾಸ) ನೋಡಿ ಆರಿಸುವುದು. ಎಲ್ಲ ಟ್ರಾಫಿಕ್ ಒಂದೇ ಗೇಟ್‌ವೇಗೆ ಹೋಗುವಾಗ ಮ್ಯಾಕ್ ವಿಳಾಸಗಳು ಬದಲಾಗುವುದಿಲ್ಲ, ಹಾಗಾಗಿ ಆರಿಸುವ ಪೋರ್ಟೂ ಬದಲಾಗುವುದಿಲ್ಲ. ಐಪಿ ಮತ್ತು ಟಿಸಿಪಿ/ಯುಡಿಪಿ ಪೋರ್ಟ್ ಸಂಖ್ಯೆ ನೋಡುವ ಲೇಯರ್3+4 ಹಾಕಿದರೆ ಸಾಕು ಎಂದುಕೊಳ್ಳುವುದು ಸಹಜ. ಆದರೆ ಎರಡು ಟ್ಯಾಗ್ ಇರುವಾಗ ಒಳ ಟ್ಯಾಗ್ ಪ್ಯಾಕೆಟ್‌ನ ಹೊಟ್ಟೆಯಲ್ಲೇ ಇರುತ್ತದೆ, ಬಾಂಡ್ ಡ್ರೈವರ್‌ಗೆ ಐಪಿ ಬದಲು 8100 ಕಾಣುತ್ತದೆ, ಮತ್ತೆ ಮ್ಯಾಕ್‌ಗೇ ಇಳಿಯುತ್ತದೆ. ಎನ್‌ಕ್ಯಾಪ್3+4 ಹಾಕಿ, ಅದು ಟ್ಯಾಗ್‌ಗಳನ್ನು ದಾಟಿ ಆ ಐಪಿ ಮತ್ತು ಪೋರ್ಟ್ ಸಂಖ್ಯೆ ಓದುತ್ತದೆ. ಇದು ಹೊರಹೋಗುವ ಟ್ರಾಫಿಕ್‌ಗೆ ಮಾತ್ರ, ಒಳಬರುವುದನ್ನು ಹಂಚುವುದು ಸ್ವಿಚ್‌ನ ಹ್ಯಾಶ್.

ಪೋರ್ಟ್‌ಗಳನ್ನು ಮ್ಯಾಕ್ ಅಡ್ರೆಸ್‌ನಿಂದ ಮ್ಯಾಚ್ ಮಾಡಬೇಡಿ. ಬಾಂಡ್ ಆದಮೇಲೆ ಪೋರ್ಟ್, ಬಾಂಡ್, ವಿಲ್ಯಾನ್ ಎಲ್ಲಕ್ಕೂ ಒಂದೇ ಮ್ಯಾಕ್. ಪರ್ಮನೆಂಟ್ ಮ್ಯಾಕ್ ಅಡ್ರೆಸ್ (ಕಾರ್ಡ್‌ನ ಮೂಲ ಮ್ಯಾಕ್) ಅಥವಾ ಹೆಸರು ಬಳಸಿ. ಬಾಂಡ್‌ಗೂ ಹೊರ ವಿಲ್ಯಾನ್‌ಗೂ ಲಿಂಕ್-ಲೋಕಲ್ ವಿಳಾಸ (ಆ ಲಿಂಕ್‌ನೊಳಗೆ ಮಾತ್ರ ನಡೆಯುವ, ತಾನಾಗಿ ಬರುವ ಐಪಿ) ಬೇಡ ಎಂದು ಬರೆದಾಗ ಜೊತೆಗೇ ಆನ್‌ಲೈನ್‌ಗೆ ಬೇಕಿಲ್ಲ ಎಂದೂ ಬರೆಯಿರಿ, ಇಲ್ಲವಾದರೆ ಬೂಟ್ ಆಗುವಾಗ ವಿಳಾಸವಿಲ್ಲದ ಆ ಪದರಗಳಿಗಾಗಿ ನೆಟ್‌ವರ್ಕ್ ಸಿದ್ಧವಾಗುವವರೆಗೆ ಬೂಟ್ ತಡೆಯುವ ವೇಟ್-ಆನ್‌ಲೈನ್ ಸೇವೆ 120 ಸೆಕೆಂಡ್ ಕಾಯಬಹುದು. ಇಂಟರ್‌ಫೇಸ್ ಹೆಸರಿಗೆ 15 ಅಕ್ಷರದ ಮಿತಿ ಇದೆ: ಇಂಗ್ಲಿಷ್‌ನಲ್ಲಿ ಬರೆದಾಗ ಬಾಂಡ್0.1000.2000 ಸರಿಯಾಗಿ 15, ಬಾಂಡ್10 ಆದರೆ ಹಿಡಿಸುವುದಿಲ್ಲ.

ಎಲ್‌ಎಸಿಪಿ ಸರಿ ಇದೆ ಎಂದಮಾತ್ರಕ್ಕೆ ವಿಲ್ಯಾನ್ ಸರಿ ಇದೆ ಎಂದಲ್ಲ, ಎಲ್‌ಎಸಿಪಿಯ ಪ್ಯಾಕೆಟ್‌ಗಳಿಗೆ ಟ್ಯಾಗ್ ಇರುವುದಿಲ್ಲ. ಬಾಂಡ್‌ನ ಸ್ಥಿತಿ ತೋರಿಸುವ ಪ್ರೋಕ್ ಫೈಲ್‌ನಲ್ಲಿ ಎರಡೂ ಪೋರ್ಟ್‌ಗೆ ಅಗ್ರಿಗೇಟರ್ ಐಡಿ (ಪೋರ್ಟ್ ಸೇರಿದ ಗುಂಪಿನ ಸಂಖ್ಯೆ) ಒಂದೇ ಇದೆಯೇ ನೋಡಿ, ಪಾರ್ಟ್‌ನರ್ ಮ್ಯಾಕ್ (ಎದುರಿನ ಸ್ವಿಚ್‌ನದು) ಬರೀ ಸೊನ್ನೆ ಇದ್ದರೆ ಸ್ವಿಚ್ ಎಲ್‌ಎಸಿಪಿ ಮಾತಾಡುತ್ತಿಲ್ಲ. ಆಮೇಲೆ ಪೋರ್ಟ್ ಮೇಲೆ, ಹೋಗಿಬರುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ, ಒಂದೇ ಸಾಲಿನಲ್ಲಿ 88ಎ8, ವಿಲ್ಯಾನ್ 100, ಮುಂದೆ 8100, ವಿಲ್ಯಾನ್ 20 ಕಾಣಬೇಕು.

ಹತ್ತಾರು ವಿಲ್ಯಾನ್‌ಗಳವರೆಗೆ ಧೈರ್ಯವಾಗಿ ಬಳಸಿ. ನೂರಾರು ಗ್ರಾಹಕರಿದ್ದರೆ ಫೈಲ್‌ಗಳನ್ನು ಸ್ಕ್ರಿಪ್ಟ್‌ನಿಂದಲೇ ತಯಾರಿಸಬೇಕು, ಕೈಯಲ್ಲಿ ಬರೆಯುವ ಕೆಲಸವಲ್ಲ. ಹೊರ ವಿಲ್ಯಾನ್‌ನ ಐಡಿ ಬದಲಿಸಬೇಕಾದರೆ ಇಂಟರ್‌ಫೇಸ್ ಅಳಿಸಿ ಮತ್ತೆ ಹುಟ್ಟಿಸಬೇಕು. ಅದು ಹೋದಾಗ ಅದರೊಳಗಿನ ಎಲ್ಲ ವಿಲ್ಯಾನ್‌ಗಳೂ ಜೊತೆಗೇ ಹೋಗುತ್ತವೆ, ಆದ್ದರಿಂದ ಗ್ರಾಹಕರಿಗೆ ಮೊದಲೇ ತಿಳಿಸಿ ರಾತ್ರಿ ಹೊತ್ತು ಮಾಡಿ.