ಗ್ರಾಂಪ್ಸ್: ಹುಟ್ಟಿದ ಊರೇ ಗೊಂದಲವಾದ ನಮ್ಮಂಥವರಿಗೆ (ಕೆಲವು ವರ್ಷ ಬಳಸಿದ ಅನುಭವ)

ಗ್ರಾಂಪ್ಸ್ ವಂಶವೃಕ್ಷ ಬರೆದಿಡುವ ಉಚಿತ ತಂತ್ರಾಂಶ, ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವಂಥದ್ದು. ಅದರ ಚಿತ್ರಪಟ, ವರದಿಗಳ ಬಗ್ಗೆ ಬೇಕಾದಷ್ಟು ಕಡೆ ಓದಲು ಸಿಗುತ್ತದೆ, ನಾನು ಮತ್ತೆ ಬರೆಯುವುದಿಲ್ಲ. ಕಾಸರಗೋಡಿನ ಕನ್ನಡಿಗರಿಗೆ ಇದರಲ್ಲಿ ಒಂದು ಸೌಲಭ್ಯ ಬಹಳ ಮುಖ್ಯ. ಜಾಗಕ್ಕೆ ದಿನಾಂಕ ಹಾಕಬಹುದು.

ನಮ್ಮ ಕುಂಬಳೆಯನ್ನೇ ತಗೊಳ್ಳಿ. 1956ರ ನವೆಂಬರ್ 1ರ ತನಕ ಅದು ಕಾಸರಗೋಡು ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸ್. ಆಮೇಲೆ ಕೇರಳ. ಅಲ್ಲೂ ಮೊದಲು ಮಲಬಾರ್ ಜಿಲ್ಲೆ, 1957ರ ಜನವರಿಯಿಂದ ಕಣ್ಣೂರು, 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. ಮನೆ ಇದ್ದಲ್ಲೇ ಇದೆ, ವಿಳಾಸ ಮಾತ್ರ ಮೂರು ಸಲ ಬದಲಾಯಿತು. ಗ್ರಾಂಪ್ಸ್‌ನಲ್ಲಿ ಊರನ್ನು ಒಂದೇ ಸಲ ನಮೂದಿಸಿ, ಯಾವ ಅವಧಿಯಲ್ಲಿ ಯಾವ ಜಿಲ್ಲೆಯ ಒಳಗಿತ್ತು ಎಂದು ದಿನಾಂಕ ಸಮೇತ ಕೊಟ್ಟರೆ ಸಾಕು. 1889ರ ಜನನಕ್ಕೆ ತಾನಾಗಿಯೇ ದಕ್ಷಿಣ ಕನ್ನಡ, ಮದ್ರಾಸ್ ಎಂದು ತೋರಿಸುತ್ತದೆ. ನನ್ನ ಅಣ್ಣನ ಮಗಳ ಜನನಕ್ಕೆ ಕಾಸರಗೋಡು ಜಿಲ್ಲೆ, ಕೇರಳ. ಊರಿನ ಹೆಸರನ್ನೂ ಕನ್ನಡದಲ್ಲಿ, ಮಲಯಾಳದಲ್ಲಿ, ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ ಬೇರೆಬೇರೆಯಾಗಿ ಸೇರಿಸಿಡಬಹುದು. ಮೊದಲ ಸಲ ಇದು ಸರಿಯಾಗಿ ತೆರೆಯ ಮೇಲೆ ಬಂದಾಗ ಎಷ್ಟು ಖುಷಿಯಾಯಿತೆಂದರೆ, ರಾತ್ರಿಯೇ ತಮ್ಮನಿಗೆ ಫೋನ್ ಮಾಡಿ ಹೇಳಿದೆ.

ಇಷ್ಟೆಲ್ಲ ತಲೆಕೆಡಿಸಿಕೊಂಡದ್ದು ದೊಡ್ಡಜ್ಜನಿಗಾಗಿ, ಎಂದರೆ ನನ್ನ ಅಜ್ಜನ ಅಣ್ಣ. ಹಡಗಿನ ಕೆಲಸಕ್ಕೆ ಸೇರಿ ಇಂಗ್ಲೆಂಡಿಗೆ ಹೋದವರು ತಿರುಗಿ ಬರಲಿಲ್ಲ. ಊರಲ್ಲೇ ಉಳಿದವರ ಬಗ್ಗೆ ಜನಗಣತಿಯಲ್ಲಿ ಏನೂ ಸಿಗುವುದಿಲ್ಲ. ನಮ್ಮ ದೇಶದ ಹಳೆಯ ಜನಗಣತಿಯ ಮನೆಮನೆಯ ಚೀಟಿಗಳನ್ನು ಲೆಕ್ಕ ಮುಗಿದ ಮೇಲೆ ಇಟ್ಟುಕೊಳ್ಳಲಿಲ್ಲ. ಉಳಿದದ್ದು ಯಾವ ಜಿಲ್ಲೆಯಲ್ಲಿ ಹುಟ್ಟಿದವರು ಎಷ್ಟು ಮಂದಿ ಎಂಬಂಥ ಕೋಷ್ಟಕಗಳು. ಮೇಲಾಗಿ 1948ರ ಜನಗಣತಿ ಕಾಯ್ದೆಯ ಪ್ರಕಾರ ಒಬ್ಬೊಬ್ಬರ ವಿವರ ಗೋಪ್ಯ. ಆದರೆ ಇಂಗ್ಲೆಂಡಿನವರು ನೂರು ವರ್ಷ ಕಳೆದ ಮೇಲೆ ಹೆಸರು ಸಮೇತ ಬಿಡುಗಡೆ ಮಾಡುತ್ತಾರೆ. 1921ರದ್ದು 2022ರ ಜನವರಿಯಲ್ಲಿ ಹೊರಬಂತು.

ಅದನ್ನು ನೋಡಲು ಒಂದು ಚಂದಾ ಜಾಲತಾಣಕ್ಕೆ ಒಂದು ತಿಂಗಳ ದುಡ್ಡು ಕಟ್ಟಿದೆ. ಅದಕ್ಕಿಂತ ಹೆಚ್ಚು ನನ್ನ ಕೈಗೆ ಭಾರ. 1911ರ ಹಾಳೆಯಲ್ಲಿ ದೊಡ್ಡಜ್ಜ ಬಾಡಿಗೆ ಕೋಣೆಯ ವಾಸಿ, ವಯಸ್ಸು 21, ಹುಟ್ಟಿದ್ದು ಮದ್ರಾಸ್. 1921ರಲ್ಲಿ ಸ್ವಂತ ಸಂಸಾರ, ಹುಟ್ಟಿದ್ದು ಮಂಗಳೂರು. ಮನೆಯ ಜಾತಕದ ಓಲೆಯಲ್ಲಿ ಕುಂಬಳೆಯ ಮನೆಯ ಹೆಸರು.

ಆ ಜಾಲತಾಣ ಏನು ಮಾಡಿತು ಗೊತ್ತೇ? ಮದ್ರಾಸ್ ಎಂದು ಕಂಡ ಕೂಡಲೇ ಚೆನ್ನೈ, ತಮಿಳುನಾಡು ಎಂದು ಭೂಪಟದಲ್ಲಿ ಚುಕ್ಕಿ ಇಟ್ಟಿತು. ನಾನು ತಿದ್ದಿದೆ. ಸಂಬಂಧಿಕರೊಬ್ಬರು ಅದರ ಸಲಹೆಯನ್ನು ಒಪ್ಪಿ ತಮ್ಮ ವಂಶವೃಕ್ಷಕ್ಕೂ ಸೇರಿಸಿಕೊಂಡರು, ಅವರಿಂದ ಇನ್ನೊಬ್ಬರು. ಈಗ ಹುಡುಕಿದರೆ ದೊಡ್ಡಜ್ಜ ಚೆನ್ನೈಯವರು ಎನ್ನುವ ಮೂರು ಪುಟ ಮೊದಲು ಬರುತ್ತವೆ. ತಿದ್ದಲು ಕೋರಿ ಬರೆದದ್ದಕ್ಕೆ ಯಂತ್ರದ ಉತ್ತರ ಬಂತು. ಚೆನ್ನೈಗೆ ಕಾಲಿಡದ ಮನುಷ್ಯನ ಊರನ್ನು ಹೀಗೆ ಅಳಿಸಿದ್ದು ನನಗೆ ಇವತ್ತಿಗೂ ಬೇಸರ.

1911ರ ಆ ಹಾಳೆಯಲ್ಲಿ ಕೇಳಿದ್ದೇ ಬೇರೆ. ಬ್ರಿಟನ್ನಿನ ಹೊರಗೆ, ಸಾಮ್ರಾಜ್ಯದ ಬೇರೆ ಕಡೆ ಹುಟ್ಟಿದವರು ದೇಶ ಮತ್ತು ಪ್ರಾಂತ್ಯ ಬರೆಯಬೇಕಿತ್ತು. ಊರು ಕೇಳಿರಲಿಲ್ಲ. ಆದ್ದರಿಂದ ಮದ್ರಾಸ್ ಎಂದರೆ ಪ್ರೆಸಿಡೆನ್ಸಿ ಎನ್ನುತ್ತಿದ್ದ ಇಡೀ ಪ್ರಾಂತ್ಯ, ಅದರೊಳಗೆ ಕುಂಬಳೆಯೂ ಬಂತು, ಮಂಗಳೂರೂ ಬಂತು. ಹಾಳೆ ತುಂಬಿದ್ದು ಮನೆಯ ಯಜಮಾನಿ. ದೊಡ್ಡದು ಮಾಡಿ ನೋಡಿದರೆ ಅವಳ ಮಕ್ಕಳ ಹೆಸರಿನಲ್ಲಿರುವ ಅದೇ ಬಾಗಿದ ಅಕ್ಷರ, ಅದೇ ಮಸಿ. ದೊಡ್ಡಜ್ಜನ ಸಾಲಿನಲ್ಲಿ ಮಾತ್ರ ಒಂದು ಕಡೆ ಪೆನ್ನು ನಿಂತು ಚುಕ್ಕಿಯಾಗಿದೆ, ಕೇಳಿ ಬರೆದಂತೆ.

ಹಾಗಾದರೆ ಮಂಗಳೂರೋ ಕುಂಬಳೆಯೋ? ಇದಕ್ಕೆ ಉತ್ತರ ಕೊಟ್ಟವರು ನಮ್ಮ ಸೋದರತ್ತೆ. "ಚೊಚ್ಚಲ ಹೆರಿಗೆ ತಾಯಿಮನೆಯಲ್ಲಿ ಅಲ್ಲದೆ ಮತ್ತೆಲ್ಲಿ ಮಾರಾಯಾ?" ಎಂದರು. ದೊಡ್ಡಜ್ಜನ ತಾಯಿಯ ಮನೆ ಮಂಗಳೂರಿನ ಬೋಳಾರ. ಜಾತಕದವರು ತಂದೆಯ ಮನೆ ಬರೆದಿದ್ದಾರೆ, ಮಗ ತಾನು ಹುಟ್ಟಿದ ಜಾಗ ಹೇಳಿದ್ದಾನೆ. ನಮ್ಮ ಕಡೆಯ ದಾಖಲೆ ನೋಡುವವರು ತಾಯಿಯ ಊರನ್ನು ಮೊದಲು ವಿಚಾರಿಸಬೇಕು. ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಸಂತಾನದ ಮನೆಗಳಲ್ಲಂತೂ ಇದನ್ನು ಬಿಟ್ಟು ಮುಂದೆ ಹೋಗಲಿಕ್ಕೇ ಆಗುವುದಿಲ್ಲ.

ಗ್ರಾಂಪ್ಸ್ ಮತ್ತೆ ಉಪಕಾರಕ್ಕೆ ಬಂದದ್ದು ಇಲ್ಲಿ. ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಜನನದ ನಮೂದು ಹಾಕಬಹುದು. ಪ್ರತಿಯೊಂದು ಆಧಾರಕ್ಕೂ ಎಷ್ಟು ನಂಬಬಹುದು ಎಂದು ಐದು ಹಂತಗಳಲ್ಲಿ ಗುರುತು ಹಾಕಬಹುದು. ಮಂಗಳೂರನ್ನು ಮೊದಲಿಟ್ಟೆ, 1921ರ ಹಾಳೆಗೆ ಮೇಲಿನ ಹಂತ ಕೊಟ್ಟೆ. ಕುಂಬಳೆಯನ್ನು ಎರಡನೆಯದಾಗಿ ಉಳಿಸಿದೆ, ಜಾತಕದ ಚಿತ್ರ ಸಮೇತ. ಮದ್ರಾಸನ್ನು ಪ್ರೆಸಿಡೆನ್ಸಿಗೆ ಜೋಡಿಸಿದೆ. ಒಂದನ್ನು ಒಪ್ಪಲು ಇನ್ನೊಂದನ್ನು ಅಳಿಸಬೇಕಾಗಿ ಬರಲಿಲ್ಲ.

ದಿನಾಂಕವೂ ಹೀಗೆಯೇ ಸಿಕ್ಕಿತು. 1921ರ ಗಣತಿಯಲ್ಲಿ ವಯಸ್ಸನ್ನು ವರ್ಷ, ತಿಂಗಳು ಎರಡರಲ್ಲೂ ಕೇಳಿದ್ದರು. ಜೂನ್ 19ಕ್ಕೆ ದೊಡ್ಡಜ್ಜನಿಗೆ 32 ವರ್ಷ 2 ತಿಂಗಳು. 1911ರ ಏಪ್ರಿಲ್ 2ಕ್ಕೆ 21. ಜಾತಕದಲ್ಲಿ ವಿರೋಧಿ ಸಂವತ್ಸರದ ಚೈತ್ರ, ತಿಥಿ ಇದ್ದ ತುದಿಯನ್ನು ಗೆದ್ದಲು ತಿಂದಿದೆ. ಮೂರನ್ನೂ ಸೇರಿಸಿದರೆ 1889ರ ಏಪ್ರಿಲ್ ಮೊದಲ ಎರಡು ಮೂರು ವಾರಗಳ ಒಳಗೆ ಬಂದು ನಿಲ್ಲುತ್ತದೆ. ಗ್ರಾಂಪ್ಸ್‌ನಲ್ಲಿ "ಇಂಥ ದಿನದಿಂದ ಇಂಥ ದಿನದ ನಡುವೆ" ಎಂದು ಹಾಗೆಯೇ ಬರೆಯಬಹುದು, ಸುಳ್ಳು ದಿನಾಂಕ ಹುಟ್ಟಿಸಬೇಕಾಗಿಲ್ಲ.

ನನ್ನ ಕ್ರಮ ಇಷ್ಟೆ. ಮಧ್ಯಾಹ್ನ ಜಗಲಿಯಲ್ಲಿ ಬಿಸಿಲು ನೇರ ಬೀಳದ ಹೊತ್ತಿಗೆ ಹಳೆಯ ಮೂಲಗೇಣಿ (ಕಾಯಂ ಗೇಣಿ) ಚೀಟುಗಳನ್ನು, ಶಾಲೆಯ ರಿಜಿಸ್ಟರಿನ ನಕಲುಗಳನ್ನು ಮಣೆಯ ಮೇಲೆ ಹರಡಿ ಫೋನಿನಲ್ಲಿ ಚಿತ್ರ ತೆಗೆಯುತ್ತೇನೆ. ಮಡಿಕೆ ಬಿಡಿಸುವಾಗ ಹಿಂಬದಿಯಲ್ಲಿ ಒಂದು ಬಿಳಿ ಕಾಗದ ಇಡುತ್ತೇನೆ, ಇಲ್ಲದಿದ್ದರೆ ಆಚೆ ಬದಿಯ ಮಸಿ ಈಚೆಗೆ ಕಾಣುತ್ತದೆ. ಊಟವಾದ ಮೇಲೆ ಒಂದು ಕಾಗದ ಮಾತ್ರ ಗ್ರಾಂಪ್ಸ್‌ಗೆ ಹತ್ತಿಸುತ್ತೇನೆ. ಎರಡನೆಯದಕ್ಕೆ ಕೈಹಾಕಿದರೆ ಮೊದಲಿನದರ ಆಧಾರ ಸರಿಯಾಗಿ ಬರೆಯಲು ಮನಸ್ಸಿರುವುದಿಲ್ಲ.

ಒಂದು ಮಾತು ಗಮನದಲ್ಲಿರಲಿ. ಇಲ್ಲಿಂದ ಬೇರೆ ಕಡೆಗೆ ಕಳಿಸುವಾಗ ಎಲ್ಲರೂ ಬಳಸುವ ಜೆಡ್‌ಕಾಮ್ ಕಡತದಲ್ಲಿ ಜಾಗ ಎಂದರೆ ಅಲ್ಪವಿರಾಮ ಹಾಕಿ ಬರೆದ ಒಂದು ಸಾಲು ಅಷ್ಟೆ, ದಿನಾಂಕದ ಇತಿಹಾಸ ಜತೆಗೆ ಹೋಗುವುದಿಲ್ಲ. ಹಾಗಾಗಿ ಮೂಲ ಕಡತವನ್ನು ಗ್ರಾಂಪ್ಸ್‌ನದ್ದೇ ರೂಪದಲ್ಲಿ ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದೇನೆ, ಒಂದು ಪ್ರತಿ ತಮ್ಮನ ಹತ್ತಿರ. ಚಂದಾ ತಾಣಕ್ಕೆ ಮತ್ತೆ ದುಡ್ಡು ಕಟ್ಟಿದರೂ ಹಾಳೆಯ ಚಿತ್ರ ಇಳಿಸಿಕೊಳ್ಳಲು ಮಾತ್ರ ಕಟ್ಟುತ್ತೇನೆ. ಮಂಜೇಶ್ವರ, ಬದಿಯಡ್ಕ, ನೀಲೇಶ್ವರ ಕಡೆಯವರು ಹೊಸದಾಗಿ ಶುರುಮಾಡುವುದಾದರೆ ಜನರ ಹೆಸರು ಬರೆಯುವ ಮೊದಲು ಮೇಲೆ ಹೇಳಿದ ಜಿಲ್ಲೆಗಳ ದಿನಾಂಕಗಳನ್ನು ತುಂಬಿಸಿಬಿಡಿ. ಒಂದು ಸಂಜೆಯ ಕೆಲಸ.